ಅಪೆಂಡಿಕ್ಸ್ ನಮ್ಮ ದೇಹದಲ್ಲಿ ಸುಮ್ನೆ ಇದೆಯಾ, ಏನಾದರೂ ಕೆಲಸ ಇದೆಯಾ?

ಕೆಲಸ ಇದೆ. ಆದರೆ ಅದಿಲ್ಲದೆಯೂ ಬದುಕು ನಡೆಯುತ್ತದೆ.

ಹೊಟ್ಟೆಯ ಬಲಭಾಗದ ಕೆಳಗೆ, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದ ಹತ್ತಿರ, ಎರೆಹುಳುವಿನಂತೆ ಜೋತುಬಿದ್ದಿರುವ ಕೊಳವೆ ಇದು. ಉದ್ದ ಸುಮಾರು 8-9 ಸೆಂ.ಮೀ., ಹೆಚ್ಚುಕಡಿಮೆ ಒಂದು ಬೆರಳಿನಷ್ಟು. ಇದರ ತುದಿ ಮುಚ್ಚಿಕೊಂಡಿದೆ. 1871ರಲ್ಲಿ ಡಾರ್ವಿನ್ ಇದನ್ನು ಹಿಂದಿನ ಕಾಲದ ಉಳಿಕೆ ಎಂದಿದ್ದರು. ಶಾಲೆಯಲ್ಲಿ ನಾವು ಓದಿದ್ದೂ ಅದನ್ನೇ, ಅಲ್ವಾ?

ಆದರೆ ಇದರ ಗೋಡೆಯಲ್ಲಿ ರೋಗದ ವಿರುದ್ಧ ಹೋರಾಡುವ ಅಂಗಾಂಶ ತುಂಬಿದೆ, ಟಾನ್ಸಿಲ್‌ನಲ್ಲಿ ಇರುವಂಥದ್ದೇ. 2007ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಇನ್ನೊಂದು ವಾದ ಮುಂದಿಟ್ಟರು: ಇದು ಒಳ್ಳೆಯ ಬ್ಯಾಕ್ಟೀರಿಯಾಗಳ ಅಡಗುತಾಣ. ಜೋರು ಭೇದಿಯಾಗಿ ಕರುಳು ಖಾಲಿಯಾದರೂ ಈ ಮೂಲೆಯಲ್ಲಿದ್ದವು ಉಳಿದುಕೊಂಡು ಮತ್ತೆ ಹರಡುತ್ತವೆ. ಮೊಸರಿಗೆ ಹೆಪ್ಪು ಎತ್ತಿಡುತ್ತೇವಲ್ಲ, ಹಾಗೆ. ಪೂರ್ತಿ ಸಾಬೀತಾಗಿಲ್ಲ, ಆದರೂ ನನಗಂತೂ ಒಪ್ಪಿಗೆಯಾಗುವ ಮಾತು.

ತೆಗೆಸಿಕೊಂಡವರು ಹೆದರಬೇಕಿಲ್ಲ. ಕರುಳಿನ ಉಳಿದ ಭಾಗ ಆ ಕೆಲಸ ನೋಡಿಕೊಳ್ಳುತ್ತದೆ. ಆದರೆ ಹೊಕ್ಕುಳ ಸುತ್ತ ಶುರುವಾದ ನೋವು ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಕ್ಕೆ ಇಳಿದರೆ, ಗ್ಯಾಸ್ ಇರಬೇಕು ಅಂತ ಓಂಕಾಳು ಕಷಾಯ ಕುಡಿದು ಕೂರಬೇಡಿ. ಅಪೆಂಡಿಕ್ಸ್ ಊದಿಕೊಂಡಿರಬಹುದು, ಆಸ್ಪತ್ರೆಗೆ ಹೋಗಿ.