ನನ್ನ ಸೈನ್ಯ ವೀಕಾ, ನಾನೇ ವೀಕಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಆಟದ್ದು, ಸ್ಟಾರ್‌ಕ್ರಾಫ್ಟ್ 2. ಗೊತ್ತಿಲ್ಲದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಇದು ದೂರದ ಗ್ರಹಗಳ ಮೇಲೆ ನಡೆಯುವ ಯುದ್ಧ. 2010ರ ಜುಲೈನಲ್ಲಿ ಬಂತು, 2017ರ ನವೆಂಬರ್‌ನಿಂದ ಆನ್‌ಲೈನ್ ಆಟ ಪುಕ್ಕಟೆ. ಮೂರು ಬಣಗಳಿವೆ: ಮನುಷ್ಯರ ಟೆರನ್, ಇರುವೆ ಮುತ್ತಿದ ಹಾಗೆ ಮುತ್ತುವ ಜರ್ಗ್, ಸಂಖ್ಯೆ ಕಡಿಮೆಯಾದರೂ ಒಬ್ಬೊಬ್ಬರೂ ದುಬಾರಿಯಾದ ಪ್ರೊಟಾಸ್. ಆಡುವವರು ಇವಕ್ಕೆ 'ರೇಸ್' ಅಂತಾರೆ. ನಾನು ಮೊದಲಿಂದಲೂ ಜರ್ಗ್. ಆ ಪಕ್ಷಪಾತ ಉತ್ತರದಲ್ಲಿ ಇಣುಕಿದರೆ ಬೈದುಕೊಳ್ಳಿ, ತಪ್ಪಿಲ್ಲ.

ಸರ್, ಆರು ತಿಂಗಳಿಂದ ಟೆರನ್ ಆಡ್ತಿದ್ದೇನೆ. ಗೋಲ್ಡ್ ಲೀಗ್, ಅಂದರೆ ನಡುಮಟ್ಟದ ದರ್ಜೆ. ಕಳೆದ ವಾರ ಜರ್ಗ್ ಎದುರು 14 ಆಟ ಆಡಿ 9 ಸೋತೆ. ಪ್ರತಿ ಸಲವೂ ಬೇನ್ಲಿಂಗ್ (ಮೈಮೇಲೆ ಬಂದು ಸಿಡಿಯುವ ಜರ್ಗ್ ಹುಳು) ಉರುಳಿಕೊಂಡು ಬಂದು ನನ್ನ ಮರೀನ್ (ಬಂದೂಕು ಸೈನಿಕರು) ಗುಂಪನ್ನೆಲ್ಲ ಒಂದೇ ಏಟಿಗೆ ಮುಗಿಸಿಬಿಡುತ್ತವೆ. ಇದು ಬ್ಯಾಲೆನ್ಸಾ, ಬಣಗಳೆಲ್ಲ ಸಮವಾ? ಆಟ ಮಾಡಿದವರಿಗೆ ಜರ್ಗ್ ಮೇಲೆ ಅಷ್ಟೊಂದು ಪ್ರೀತಿ ಯಾಕೆ? (ಹುಬ್ಬಳ್ಳಿಯ ಓದುಗರು)

ಮೊದಲು ಲೆಕ್ಕ ಮುಗಿಸೋಣ. ನಾಣ್ಯವನ್ನು 14 ಸಲ ಚಿಮ್ಮಿದರೆ 9 ಅಥವಾ ಅದಕ್ಕಿಂತ ಜಾಸ್ತಿ ಸಲ ನಿಮ್ಮ ವಿರುದ್ಧ ಬೀಳುವ ಸಾಧ್ಯತೆ ಸುಮಾರು 21 ಶೇಕಡ. ಅಂದರೆ ಏನೂ ಮೋಸವಿಲ್ಲದ ಐದು ವಾರಗಳಲ್ಲಿ ಒಂದು ವಾರ ಹೀಗೇ ಇರುತ್ತದೆ. ಆ ಒಂದು ವಾರ ಮಾತ್ರ ನೆನಪಲ್ಲಿ ಉಳಿಯುತ್ತದೆ, ಅಲ್ವಾ?

ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದಿಲ್ಲ. ಟೆರನ್ ನಿಜವಾಗಿಯೂ ವೀಕು ಅಂತಲೇ ಇಟ್ಟುಕೊಳ್ಳಿ. ಆಗ ಏನಾಗುತ್ತದೆ? ನೀವು ಸೋಲುತ್ತೀರಿ, ನಿಮ್ಮ ರೇಟಿಂಗ್ ಇಳಿಯುತ್ತದೆ, ಆಟ ನಿಮಗೆ ಸ್ವಲ್ಪ ಕಡಿಮೆ ಪಳಗಿದ ಎದುರಾಳಿಗಳನ್ನು ಹುಡುಕಿ ಕೊಡುತ್ತದೆ, ಮತ್ತೆ ಅರ್ಧ ಗೆಲ್ಲುತ್ತೀರಿ. ನಿಮ್ಮ ರೇಸ್ ಎಷ್ಟೇ ವೀಕಾಗಿದ್ದರೂ ಒಟ್ಟು ಗೆಲುವು ಐವತ್ತರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾಗಾಗಿ ಸ್ವಂತ ಸೋಲು-ಗೆಲುವಿನ ಪಟ್ಟಿ ಹಿಡಿದುಕೊಂಡು ಬ್ಯಾಲೆನ್ಸ್ ಅಳೆಯಲು ಆಗುವುದಿಲ್ಲ. ನಾನು ಕೂಡ ವರ್ಷಗಟ್ಟಲೆ ಇದನ್ನೇ ಮಾಡಿದವನು, ಅದಕ್ಕೇ ಹೇಳುತ್ತಿದ್ದೇನೆ.

ಹಾಗಂತ ನಿಮ್ಮ ಸಿಟ್ಟು ಸುಳ್ಳಲ್ಲ. ಅದು ಬೇರೆ ಕಡೆಯಿಂದ ಬರುತ್ತಿದೆ. ಆ ಎರಡು ಸೆಕೆಂಡನ್ನು ನಿಧಾನ ಮಾಡಿ ನೋಡಿ. ನಿಮ್ಮ 20 ಮರೀನ್ ಒಂದೇ ಗುಂಪಾಗಿ ನಿಂತಿವೆ. ಎದುರಿಂದ ಎಂಟು ಬೇನ್ಲಿಂಗ್ ಉರುಳಿ ಬರುತ್ತಿವೆ. ಒಂದು ಬೇನ್ಲಿಂಗ್ ಸಿಡಿದರೆ ಸುತ್ತ ಇರುವ ಪ್ರತಿ ಮರೀನ್‌ಗೂ 35 ಏಟು. ಮರೀನ್‌ನ ಜೀವ 45, ಶೀಲ್ಡ್ ಅಪ್‌ಗ್ರೇಡ್ ಮಾಡಿದ್ದರೆ 55. ಒಂದು ಸಿಡಿದರೆ ಉಳಿಯುತ್ತವೆ, ಎರಡು ಸಿಡಿದರೆ ಗುಂಪೇ ಇಲ್ಲ. ಈಗ ಕೈಗಳ ಕಡೆ ನೋಡಿ. ಜರ್ಗ್ ಆಡುವವನು ಒಂದು ಗುಂಡಿ ಒತ್ತಿ ಒಂದು ಕ್ಲಿಕ್ ಮಾಡಿದ್ದಾನೆ. ನೀವು ಅದೇ ಹೊತ್ತಿನಲ್ಲಿ ಗುಂಪನ್ನು ಮೂರಾಗಿ ಒಡೆದು, ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ, ಒಂದನ್ನು ಹಿಂದಕ್ಕೆ ಕಳಿಸಿ, ಮತ್ತೆ ತಿರುಗಿಸಿ ಗುಂಡು ಹಾರಿಸಬೇಕು. ಒಂದು ಕ್ಲಿಕ್‌ಗೆ ಉತ್ತರವಾಗಿ ಎಂಟು-ಹತ್ತು ಕ್ಲಿಕ್.

ಮೇಲ್ಮಟ್ಟದ ಟೆರನ್ ಆಟಗಾರ ಇದನ್ನು ನಿದ್ದೆಗಣ್ಣಲ್ಲೂ ಮಾಡುತ್ತಾನೆ. ಅವನ ಕೈಯಲ್ಲಿ ಎಂಟು ಬೇನ್ಲಿಂಗ್ ನಾಲ್ಕು ಮರೀನ್ ಕೊಂದು ಸುಮ್ನೆ ವ್ಯರ್ಥ. ನಿಮ್ಮ ಕೈಯಲ್ಲಿ ಅವೇ ಎಂಟಕ್ಕೆ 20 ಮರೀನ್ ಹೋದವು. ಅದೇ ಯೂನಿಟ್, ಅದೇ ನಂಬರು. ಗೋಲ್ಡ್‌ನಲ್ಲಿ ಜರ್ಗ್‌ಗೆ ಲಾಭ, ಮೇಲೆ ಟೆರನ್‌ಗೆ ಲಾಭ. ಪ್ಯಾಚ್ (ಆಟದ ತಿದ್ದುಪಡಿ) ಮಾಡುವವರು ಯಾರನ್ನು ನೋಡಿ ನಂಬರು ಇಡಬೇಕು ಹೇಳಿ? ನನ್ನ ಅನುಭವದಲ್ಲಿ ಜನ ಬೈಯುವುದು ಬಣ ಬಲವಾಗಿದೆ ಅಂತ ಅಲ್ಲ. ಹೊಡೆಯುವವನಿಗೆ ಸಲೀಸು, ತಡೆಯುವವನಿಗೆ ಹತ್ತು ಕೈ ಬೇಕು, ಆ ತಾರತಮ್ಯಕ್ಕೆ ಬೈಯುತ್ತಾರೆ. ಅದನ್ನು ಯಾವ ಶೇಕಡಾವಾರು ಲೆಕ್ಕವೂ ತೋರಿಸುವುದಿಲ್ಲ.

ಸದ್ಯಕ್ಕೆ ಕೈ ಪಳಗುವ ತನಕ ದೂರದಿಂದಲೇ ಹೊಡೆಯುವ ಎರಡು ಸೀಜ್ ಟ್ಯಾಂಕ್‌ಗಳನ್ನು ಮರೀನ್‌ಗಳ ಹಿಂದೆ ನಿಲ್ಲಿಸಿ. ಬೇನ್ಲಿಂಗ್ ಹತ್ತಿರ ಬರುವ ಮುಂಚೆಯೇ ಅರ್ಧ ಉದುರುತ್ತವೆ. ಮರೀನ್‌ಗಳನ್ನು ಎರಡು ಬೇರೆ ನಂಬರ್ ಗುಂಪಿನಲ್ಲಿ ಇಟ್ಟುಕೊಂಡು ನಡೆಸಿ. ಒಂದು ಗುಂಪು ಹೋದರೂ ಇನ್ನೊಂದು ಇರುತ್ತದೆ.

ಎಲ್ಲ ಬಣಗಳಿಗೂ ಒಂದೇ ಥರದ ಯೂನಿಟ್ ಕೊಟ್ಟರೆ ಈ ಜಗಳವೇ ಇರಲ್ಲ. ಚೆಸ್‌ನಲ್ಲಿ ಹಾಗೇ ಇದೆಯಲ್ಲ? (ಮೈಸೂರಿನ ಓದುಗರು)

ಚೆಸ್‌ನಲ್ಲೂ ಬಿಳಿ ಕಾಯಿಗೆ ಮೊದಲ ನಡೆಯ ಲಾಭ ಇದೆ ಮಾರಾಯ್ರೆ! ಅಲ್ಲೂ ಜಗಳ ಇದೆ, ಸಣ್ಣದು ಅಷ್ಟೇ.

ನಮ್ಮ ಹುಲಿ-ಕುರಿ ಆಟ ನೆನಪಿದೆಯಾ? ಹಳೆ ದೇವಸ್ಥಾನದ ಕಲ್ಲು ಚಪ್ಪಡಿ ಮೇಲೆ ಗೆರೆ ಕೊರೆದಿರುವುದನ್ನು ನೋಡಿರಬಹುದು. ಸಾಮಾನ್ಯವಾಗಿ ಮೂರು ಹುಲಿ, ಹದಿನೈದು ಕುರಿ. ಹುಲಿ ಹಾರಿ ಕುರಿಯನ್ನು ತಿನ್ನುತ್ತದೆ, ಕುರಿಗಳು ಸೇರಿ ಹುಲಿಯನ್ನು ಕಟ್ಟಿ ಹಾಕುತ್ತವೆ. ಎರಡು ಕಡೆಗೂ ಬೇರೆ ಕಾಯಿ, ಬೇರೆ ಗುರಿ. ಹೊಸಬರು ಆಡಿದರೆ ಹುಲಿಯೇ ಗೆಲ್ಲುವುದು ಜಾಸ್ತಿ, ಯಾಕೆಂದರೆ ಕುರಿ ಆಡುವವನು ಒಂದು ಸಂದು ಬಿಟ್ಟರೂ ಸಾಕು. ಪಳಗಿದವರು ಕುರಿ ಆಡಿದರೆ ಹುಲಿಗೆ ಉಸಿರು ಕಟ್ಟುತ್ತದೆ. ಹುಲಿಗೂ ಕುರಿಗೂ ಒಂದೇ ಕಾಯಿ ಕೊಟ್ಟರೆ ಆ ಆಟವನ್ನು ಯಾರಾದರೂ ಕಲ್ಲಿನಲ್ಲಿ ಕೊರೆಯುತ್ತಿದ್ದರಾ?

ಬೇರೆ ಬೇರೆ ಬಣ ಇಟ್ಟರೆ ಸಮ ಮಾಡುವುದು ಕಷ್ಟ, ಅದು ನಿಜ. ಎಷ್ಟು ಸೂಕ್ಷ್ಮ ಅಂದರೆ, ಪ್ರೊಟಾಸ್‌ನ ಅಡೆಪ್ಟ್ ಅಂತ ಒಂದು ಯೂನಿಟ್ ಇದೆ. 2015ರ ನವೆಂಬರ್‌ನಲ್ಲಿ ಮೂರನೇ ಭಾಗದ ಜೊತೆ ಬಂತು. ಹಗುರ ಯೂನಿಟ್‌ಗಳ ಮೇಲೆ ಅದರ ಏಟು 23 ಇತ್ತು. ಮರೀನ್‌ಗೂ ಟೆರನ್ ಕೆಲಸಗಾರ ಎಸ್‌ಸಿವಿಗೂ ಜೀವ 45. ಎರಡು ಏಟು ಸೇರಿದರೆ 46, ಖತಂ. ನಾಲ್ಕಾರು ಅಡೆಪ್ಟ್ ಒಳಗೆ ನುಗ್ಗಿದರೆ ಕೆಲಸಗಾರರೆಲ್ಲ ಖಾಲಿ. ಟೆರನ್ ಆಡುವವರ ಗೋಳು ಮುಗಿಲು ಮುಟ್ಟಿತು. 2016ರ ಆರಂಭದಲ್ಲಿ ಪ್ಯಾಚ್ ಬಂತು. ಏನು ಬದಲಾಯಿಸಿದರು ಗೊತ್ತಾ? 23 ಅನ್ನು 22 ಮಾಡಿದರು, ಅಷ್ಟೇ. ಎರಡು ಏಟಿಗೆ 44. ಮರೀನ್ ಒಂದು ಪಾಯಿಂಟ್ ಜೀವ ಹಿಡಿದು ನಿಂತಿತು. ಈಗ ಕೊಲ್ಲಲು ಮೂರು ಏಟು ಬೇಕು, ಅಂದರೆ ಒಂದೂವರೆ ಪಟ್ಟು ಹೊತ್ತು. ಒಂದೇ ಒಂದು ಪಾಯಿಂಟ್ ಕಿತ್ತು ಯೂನಿಟ್‌ನ ಹಲ್ಲು ಕಿತ್ತರು. ಈ ಬದಲಾವಣೆ ನನಗೆ ಬಹಳ ಇಷ್ಟ. ಗಡಿಯಾರ ರಿಪೇರಿ ಮಾಡಿದ ಹಾಗಿದೆ.

ಇದರ ಉಲ್ಟಾ ಉದಾಹರಣೆಯೂ ಇದೆ. 2012ರ ಮೇ ತಿಂಗಳಲ್ಲಿ ಜರ್ಗ್ ಕ್ವೀನ್ ನೆಲದ ಮೇಲೆ ಹೊಡೆಯುವ ದೂರವನ್ನು 3ರಿಂದ 5ಕ್ಕೆ ಏರಿಸಿದರು. ಆಟದ ಆರಂಭದಲ್ಲಿ ಟೆರನ್ ಬೆಂಕಿ ಗಾಡಿಗಳು ಜರ್ಗ್‌ಗೆ ಕೊಡುತ್ತಿದ್ದ ಕಾಟ ತಪ್ಪಲಿ ಅನ್ನುವುದು ಉದ್ದೇಶ. ಕಾಟ ತಪ್ಪಿತು. ಜೊತೆಗೆ ಜರ್ಗ್‌ಗೆ ಆರಂಭದ ಭಯವೇ ಹೋಯಿತು. ಆರಾಮಾಗಿ ಗಣಿ ಮೇಲೆ ಗಣಿ ಹಿಡಿದು, ಕೊನೆಗೆ ಬ್ರೂಡ್‌ಲಾರ್ಡ್ ಮತ್ತು ಇನ್ಫೆಸ್ಟರ್ ಅನ್ನುವ ದುಬಾರಿ ಯೂನಿಟ್‌ಗಳ ಸೈನ್ಯ ಕಟ್ಟಿ ಬರುವುದೇ ಪದ್ಧತಿಯಾಯಿತು. ಆ ವರ್ಷದ ಉಳಿದ ತಿಂಗಳುಗಳು ನೋಡುವವರಿಗೆ ಶಿಕ್ಷೆ. ಜರ್ಗ್ ಆಡುವ ನನಗೇ ಬೇಜಾರಾಗಿತ್ತು. ಬದಲಾಯಿಸಿದ್ದು ಆರಂಭದ ನಿಮಿಷಗಳ ಆಟ, ಕೆಟ್ಟದ್ದು ಇಪ್ಪತ್ತನೇ ನಿಮಿಷದ ಆಟ.

ಪ್ರೊಟಾಸ್ ಸುಲಭ, ಮೋಸದ ರೇಸ್ ಅಂತ ಎಲ್ಲರೂ ನನ್ನನ್ನು ಆಡಿಕೊಳ್ತಾರೆ. ಆದರೆ ದೊಡ್ಡ ಟೂರ್ನಿ ಗೆಲ್ಲೋದು ಬೇರೆಯವರೇ. ಯಾವುದು ಸತ್ಯ? (ಶಿವಮೊಗ್ಗದ ಓದುಗರು)

ಎರಡೂ ಸತ್ಯ ಕಣಮ್ಮಾ.

ಮೊದಲು ಟೂರ್ನಿ. ವರ್ಷದ ಕೊನೆಯ ವಿಶ್ವ ಫೈನಲ್‌ನಲ್ಲಿ ಪ್ರೊಟಾಸ್ ಕೊನೆಯ ಸಲ ಗೆದ್ದದ್ದು 2015ರಲ್ಲಿ, ಕೊರಿಯಾದ ಸಾಸ್ (ಆಡಲು ಇಟ್ಟುಕೊಂಡ ಹೆಸರು, ನಿಜನಾಮವಲ್ಲ). 2016ರಲ್ಲಿ ಟೆರನ್. 2017, 2018, 2019ರಲ್ಲಿ ಸಾಲಾಗಿ ಜರ್ಗ್. 2018ರಲ್ಲಿ ಗೆದ್ದ ಸೆರಾಲ್ ಫಿನ್ಲೆಂಡಿನವನು, ಆ ಫೈನಲ್ ಗೆದ್ದ ಮೊದಲ ಕೊರಿಯೇತರ. ಆಮೇಲೆ ಪೋಲೆಂಡಿನ ಕಾಟೊವಿಟ್ಸೆ ಊರಿನ ಹೆಸರಿನ ಚಾಂಪಿಯನ್‌ಶಿಪ್‌ಗಳಲ್ಲೂ 2020ರಿಂದ 2024ರ ತನಕ ಜರ್ಗ್ ನಾಲ್ಕು ಸಲ, ಟೆರನ್ ಒಂದು ಸಲ. ಪ್ರೊಟಾಸ್ ಸೊನ್ನೆ. ಆದರೆ ಲ್ಯಾಡರ್, ಅಂದರೆ ಆನ್‌ಲೈನ್‌ನಲ್ಲಿ ರೇಟಿಂಗ್‌ಗಾಗಿ ಆಡುವ ಏಣಿ, ಅದರ ತುದಿಯ ಲೀಗ್ ತೆರೆದು ನೋಡಿ, ಪ್ರೊಟಾಸ್ ತುಂಬಿ ತುಳುಕುವುದು ಹೊಸ ದೂರೇನಲ್ಲ.

ಇದು ಹೇಗೆ ಸಾಧ್ಯ ಅನ್ನುವುದಕ್ಕೆ ನನ್ನ ಪ್ರಕಾರ ಡಾರ್ಕ್ ಟೆಂಪ್ಲರ್ ಒಂದೇ ಸಾಕು. ಕಣ್ಣಿಗೆ ಕಾಣದ ಯೂನಿಟ್. ಏಟು 45. ಶೀಲ್ಡ್ ಅಪ್‌ಗ್ರೇಡ್ ಇಲ್ಲದ ಮರೀನ್‌ನ ಜೀವ ಎಷ್ಟು ಅಂತ ಮೇಲೆ ಹೇಳಿದ್ದೇನೆ. ಒಂದು ಬೀಸು, ಒಂದು ಹೆಣ. ಟೆರನ್ ಆಡುವವನು ಕಾಣದ್ದನ್ನು ಪತ್ತೆ ಮಾಡುವ ಮಿಸೈಲ್ ಟರೆಟ್ ಕಟ್ಟಿರದಿದ್ದರೆ ಶಕ್ತಿ ಖರ್ಚು ಮಾಡಿ ಆ ಜಾಗವನ್ನು ಸ್ಕ್ಯಾನ್ ಮಾಡಬೇಕು. ಒಂದು ಸ್ಕ್ಯಾನ್‌ಗೆ ಹೋಗುವ ಶಕ್ತಿಯಲ್ಲಿ ಒಂದು ಮ್ಯೂಲ್ (ಗಣಿ ತೋಡುವ ಯಂತ್ರ) ಇಳಿಸಿ ಇನ್ನೂರಕ್ಕೂ ಜಾಸ್ತಿ ಮಿನರಲ್ (ಆಟದೊಳಗಿನ ದುಡ್ಡು) ಗಳಿಸಬಹುದಿತ್ತು. ಅಂದರೆ ಡಾರ್ಕ್ ಟೆಂಪ್ಲರ್ ಯಾರನ್ನೂ ಕೊಲ್ಲದಿದ್ದರೂ ಅದು ಬರಬಹುದು ಅನ್ನುವ ಭಯಕ್ಕೇ ಎದುರಾಳಿ ದಂಡ ಕಟ್ಟುತ್ತಾನೆ. ಲ್ಯಾಡರ್‌ನಲ್ಲಿ ನೀವು ಯಾರೋ, ಏನು ಮಾಡುತ್ತೀರೋ ಅವನಿಗೆ ಗೊತ್ತಿಲ್ಲ. ಒಂದೇ ಆಟ, ಮೋಸ ಹೋದರೆ ಹೋದ. ಟೂರ್ನಿ ಫೈನಲ್‌ನಲ್ಲಿ ಅದೇ ಎದುರಾಳಿ ವಾರಗಟ್ಟಲೆ ನಿಮ್ಮ ರಿಪ್ಲೇ ನೋಡಿ ಬಂದಿರುತ್ತಾನೆ, ಏಳು ಆಟ ಇರುತ್ತದೆ. ಕಣ್ಕಟ್ಟು ಎಷ್ಟು ಸಲ ನಡೆಯುತ್ತದೆ?

ಕ್ಯಾನನ್ ರಶ್, ಅಂದರೆ ಆರಂಭದಲ್ಲೇ ಎದುರಾಳಿಯ ಅಂಗಳದಲ್ಲಿ ಫಿರಂಗಿ ಕಟ್ಟುವುದು, ಮಾಡಿ ಗೆದ್ದರೆ ಬೈಸಿಕೊಳ್ಳುವುದು ಖಚಿತ. ಅದು ನಿಯಮ ಮೀರಿದ ಆಟವಲ್ಲ. ಆದರೆ ಎದುರಿನವನು ಆಟವನ್ನೇ ಆಡದೆ ಸೋತೆ ಅಂದುಕೊಳ್ಳುತ್ತಾನೆ, ಅದನ್ನು ಒಪ್ಪಿಕೊಳ್ಳಬೇಕು. ಆಡಿಕೊಳ್ಳುವವರಿಗೆ 2015ರ ನಂತರದ ಪಟ್ಟಿ ತೋರಿಸಿ. ನಾಲ್ಕು ದಿನ ಬಾಯಿ ಮುಚ್ಚುತ್ತಾರೆ.

ನಮ್ಮ ಅಣ್ಣ ಆಡ್ತಿದ್ದ ಹಳೆಯ ಸ್ಟಾರ್‌ಕ್ರಾಫ್ಟ್ ಬ್ರೂಡ್ ವಾರ್‌ಗೆ ಪ್ಯಾಚೇ ಬರ್ತಿರಲಿಲ್ಲವಂತೆ, ಆದರೂ ಅದೇ ಬೆಸ್ಟ್ ಅಂತಾನೆ. ಈಗ ಯಾಕೆ ಮಾತುಮಾತಿಗೂ ಬದಲಾಯಿಸ್ತಾರೆ? (ಬೆಂಗಳೂರಿನ ಓದುಗರು)

ಅಣ್ಣನ ಮಾತು ಮುಕ್ಕಾಲು ಪಾಲು ಸರಿ. ಮೂಲ ಆಟ ಮತ್ತು ಬ್ರೂಡ್ ವಾರ್ ಎರಡೂ 1998ರವು. ಯೂನಿಟ್ ನಂಬರುಗಳನ್ನು ಕೊನೆಯ ಸಲ ತಿದ್ದಿದ್ದು 2001ರ 1.08 ಪ್ಯಾಚ್‌ನಲ್ಲಿ. ಆಮೇಲೆ ಇಷ್ಟು ವರ್ಷ ಕೈ ಹಚ್ಚಿಲ್ಲ.

ಬಿಟ್ಟುಹೋದ ಕಾಲು ಪಾಲು ಏನೆಂದರೆ ಮ್ಯಾಪ್, ಅಂದರೆ ಯುದ್ಧ ನಡೆಯುವ ಅಂಗಳ. ಕೊರಿಯಾದಲ್ಲಿ ಟಿವಿ ಲೀಗ್‌ಗಳು ಸೀಸನ್‌ನಿಂದ ಸೀಸನ್‌ಗೆ ಹೊಸ ಮ್ಯಾಪ್ ತರುತ್ತಿದ್ದವು. ಟೆರನ್ ಜಾಸ್ತಿ ಗೆಲ್ಲುತ್ತಿದ್ದರೆ ಟ್ಯಾಂಕ್ ನಿಲ್ಲಿಸುವ ದಿಬ್ಬ ಕಡಿಮೆ ಮಾಡು, ಎರಡನೇ ಗಣಿಯ ಬಾಯಿ ಅಗಲ ಮಾಡು. ಕತ್ತಿ ಅದೇ, ಅಂಗಳ ಬದಲು. ಕ್ರಿಕೆಟ್‌ನಲ್ಲಿ ಪಿಚ್ ಕೆದಕಿ ಸ್ಪಿನ್ನರ್‌ಗೆ ಅನುಕೂಲ ಮಾಡುವುದಿಲ್ವಾ, ಹಾಗೆ.

ಇನ್ನೊಂದು, ಆಗ ಜನಕ್ಕೆ ಕಾಯುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಜರ್ಗ್ ಎದುರು ಪ್ರೊಟಾಸ್ ಅಂದರೆ ಸೋತಂತೆಯೇ ಅಂತ ವರ್ಷಗಟ್ಟಲೆ ಅತ್ತರು. 2007ರ ಮಾರ್ಚ್ 3ರಂದು ಒಂದು ದೊಡ್ಡ ಫೈನಲ್. ಒಂದು ಕಡೆ ಆಗಿನ ಅಜೇಯ ಜರ್ಗ್ ಸೇವಿಯರ್, ಇನ್ನೊಂದು ಕಡೆ ಹುಡುಗ ಬಿಸು, ಪ್ರೊಟಾಸ್. ಬಿಸು 3-0ಯಿಂದ ಗೆದ್ದ. ಕಾರ್ಸೇರ್ ವಿಮಾನಗಳಿಂದ ಆಕಾಶ ಹಿಡಿದು, ಕೆಳಗಿನಿಂದ ಡಾರ್ಕ್ ಟೆಂಪ್ಲರ್ ನುಗ್ಗಿಸಿದ. ಒಂದು ನಂಬರೂ ಬದಲಾಗಿರಲಿಲ್ಲ. ಮರುದಿನದಿಂದ ಪ್ರೊಟಾಸ್ ಆಡುವ ರೀತಿಯೇ ಬದಲಾಯಿತು. ಇವತ್ತಾಗಿದ್ದರೆ ಅದಕ್ಕೂ ಮುಂಚೆಯೇ ಮೂರು ಪ್ಯಾಚ್ ಬಂದು, ಬಿಸುಗೆ ಆ ದಾರಿ ಹುಡುಕುವ ಅಗತ್ಯವೇ ಬೀಳುತ್ತಿರಲಿಲ್ಲ ಅಂತ ನನಗೆ ಒಮ್ಮೊಮ್ಮೆ ಅನಿಸುತ್ತದೆ.

ಈಗ ಸ್ಟಾರ್‌ಕ್ರಾಫ್ಟ್ 2ಕ್ಕೂ ಅದನ್ನು ಮಾಡಿದ ಬ್ಲಿಝಾರ್ಡ್ ಕಂಪನಿ ಮೊದಲಿನ ಹಾಗೆ ಗಮನ ಕೊಡುತ್ತಿಲ್ಲ. 2020ರ ಅಕ್ಟೋಬರ್‌ನಲ್ಲೇ ಹಣ ಕೊಟ್ಟು ಕೊಳ್ಳುವ ಹೊಸ ಸರಕು ಇನ್ನು ಬರುವುದಿಲ್ಲ ಅಂತ ಹೇಳಿಬಿಟ್ಟರು. ಆಮೇಲಿನ ಕೆಲವು ಬ್ಯಾಲೆನ್ಸ್ ಪ್ಯಾಚ್‌ಗಳ ಹಿಂದೆ ಆಟಗಾರರದೇ ಒಂದು ಕೌನ್ಸಿಲ್ ಇತ್ತು. ಆಡುವವರೇ ತಿದ್ದಿದ್ದರಿಂದ ಜಗಳ ಕಡಿಮೆಯಾಯಿತು ಅಂದುಕೊಂಡಿರಾ? ಕೌನ್ಸಿಲ್‌ನಲ್ಲಿ ಯಾವ ರೇಸ್‌ನವರು ಎಷ್ಟು ಜನ ಅಂತ ಜಗಳ ಶುರುವಾಯಿತು.

ಹಾಸ್ಟೆಲ್‌ನಲ್ಲಿ ನಾವು ಆರು ಜನ ಆಡ್ತೀವಿ. ಒಬ್ಬ ಯಾವಾಗಲೂ ಜರ್ಗ್ ತಗೊಂಡು ಎಲ್ಲರನ್ನೂ ಹೊಡೀತಾನೆ. ಇಬ್ಬರು ಆಡೋದೇ ಬಿಟ್ಟರು. ಜರ್ಗ್ ಬ್ಯಾನ್ ಮಾಡೋಣವಾ? (ಧಾರವಾಡದ ಓದುಗರು)

ಬೇಡ. ಬ್ಯಾನ್ ಮಾಡಿದರೆ ಅವನು ಟೆರನ್ ತಗೊಂಡು ಹೊಡೆಯುತ್ತಾನೆ, ಆಗ ನಿಮಗೆ ಇನ್ನೂ ಉರಿಯುತ್ತದೆ.

ಹುಲಿ-ಕುರಿ ಆಡುವವರು ಮಾಡುವುದನ್ನೇ ಮಾಡಿ. ಒಂದು ಆಟ ಮುಗಿದ ಮೇಲೆ ಕಡೆ ಬದಲಾಯಿಸಿಕೊಳ್ಳಿ. ಅವನು ನಿಮ್ಮ ಟೆರನ್ ಆಡಲಿ, ನೀವು ಅವನ ಜರ್ಗ್ ಆಡಿ. ಮೊದಲ ದಿನವೇ ಒಂದು ವಿಷಯ ಗೊತ್ತಾಗುತ್ತದೆ: ಸೈನ್ಯ ಹುಟ್ಟುವ ಮರಿಹುಳು (ಲಾರ್ವಾ) ಜಾಸ್ತಿ ಆಗಲಿ ಅಂತ ಕ್ವೀನ್‌ನಿಂದ ಗೂಡಿಗೆ ಪದೇಪದೇ ಇಂಜೆಕ್ಟ್ ಹೊಡೆಸುವುದು ಮರೆತರೆ ಜರ್ಗ್ ಸೈನ್ಯ ಬೆಳೆಯುವುದೇ ಕಷ್ಟ. ನಿಮ್ಮ ಗೆಳೆಯ ಅದನ್ನು ಮರೆಯದೆ ಮಾಡುತ್ತಿದ್ದಾನೆ, ನಿಮಗೆ ಕಾಣುತ್ತಿರಲಿಲ್ಲ. ಅವನಿಗೂ ಎಂಟು ಬೇನ್ಲಿಂಗ್ ಎದುರು 20 ಮರೀನ್ ಇಟ್ಟುಕೊಂಡು ನಿಲ್ಲುವುದು ಏನು ಅಂತ ಗೊತ್ತಾಗಲಿ.

ಬಿಟ್ಟುಹೋದ ಇಬ್ಬರನ್ನು ಕರೆಯಿರಿ. ಒಂದು ತಂಡದಲ್ಲಿ ಅವನ ಜೊತೆ ಒಬ್ಬ, ಎದುರಿಗೆ ಮೂವರು, ಉಳಿದ ಒಬ್ಬ ಸರದಿ ಕಾಯಲಿ. ಅವನು ಆಗಲೂ ಗೆದ್ದರೆ ನನಗೆ ಪತ್ರ ಬರೆಯಿರಿ, ಅವನ ರಿಪ್ಲೇ ನನಗೂ ಬೇಕು.