ಗಿಲಾವು ಮುಗಿಯುವ ಮುನ್ನ: ಸಬ್‌ವೂಫರ್ ಕೇಬಲ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಹೊಸ ಮನೆಯಲ್ಲಿ ಒಂದು ಕೋಣೆ ಹೋಮ್ ಥಿಯೇಟರಿಗೆಂದೇ ಇದೆ. ರಿಸೀವರ್ (ಸ್ಪೀಕರ್‌ಗಳಿಗೆಲ್ಲ ಸದ್ದು ಹಂಚುವ ಪೆಟ್ಟಿಗೆ) ಹಿಂಬದಿಯ ಬೀರುವಿನಲ್ಲಿ, ಸಬ್‌ವೂಫರ್ (ಆಳದ ಬೇಸ್ ಸ್ಪೀಕರ್) ಪರದೆಯ ಪಕ್ಕದಲ್ಲಿ. ಗೋಡೆಯೊಳಗೆ ಸುತ್ತಿಕೊಂಡು ಬರಲು 15 ಮೀಟರ್ ಕೇಬಲ್ ಬೇಕು. ಅಂಗಡಿಯವರು 9,000 ರೂಪಾಯಿಯ ‘ಸಬ್‌ವೂಫರ್ ಕೇಬಲ್’ ತೋರಿಸುತ್ತಾರೆ, ಎಲೆಕ್ಟ್ರಿಷಿಯನ್ ಡಿಟಿಎಚ್ ವೈರೇ ಸಾಕು ಅನ್ನುತ್ತಾರೆ. ಯಾರ ಮಾತು ಕೇಳೋಣ?
— ಓದುಗರು, ದಾವಣಗೆರೆ

ಉತ್ತರ: ಎಲೆಕ್ಟ್ರಿಷಿಯನ್ ಮಾತು ಮುಕ್ಕಾಲು ಪಾಲು ಸರಿ. ನಿಮ್ಮ ಸಬ್‌ವೂಫರಿಗೆ ಕರೆಂಟಿನ ಪ್ಲಗ್ ಇದ್ದರೆ ಅದರೊಳಗೇ ಆಂಪ್ಲಿಫೈಯರ್ ಇದೆ ಎಂದರ್ಥ. ರಿಸೀವರಿನಿಂದ ಅಲ್ಲಿಗೆ ಹೋಗುವುದು ಒಂದೆರಡು ವೋಲ್ಟಿನ ಸಿಗ್ನಲ್ ಮಾತ್ರ, ಶಕ್ತಿಯಲ್ಲ. ಹಾಗಾಗಿ ತಂತಿ ದಪ್ಪವಿರಬೇಕು, ಬೆಳ್ಳಿ ಲೇಪ ಇರಬೇಕು ಎಂಬ ಮಾತಿಗೆಲ್ಲ ಇಲ್ಲಿ ಅರ್ಥವಿಲ್ಲ. ‘ಉದ್ದವಾದರೆ ಬೇಸ್ ಕುಗ್ಗುತ್ತದೆ’ ಎಂಬ ಹೆದರಿಕೆಗೂ ಆಧಾರವಿಲ್ಲ. ಡಿಟಿಎಚ್‌ಗೆ ಬಳಸುವ ಜಾತಿಯ ಆರ್‌ಜಿ-6 ಕೋಆಕ್ಸ್ ಕೇಬಲಿನ (ನಡುವೆ ತಂತಿ, ಸುತ್ತ ಜಾಲರಿ) ಕೆಪಾಸಿಟೆನ್ಸ್, ಅಂದರೆ ಮೇಲಿನ ಕಂಪನಾಂಕಗಳನ್ನು ಕುಗ್ಗಿಸುವ ಗುಣ, ಮೀಟರಿಗೆ ಸುಮಾರು 55 ಪಿಕೋಫ್ಯಾರಡ್. 15 ಮೀಟರಿಗೆ 825. ರಿಸೀವರಿನ ಔಟ್‌ಪುಟ್ ಇಂಪೀಡೆನ್ಸ್ 1,000 ಓಮ್ ಎಂದು ಹಿಡಿದರೂ ಸಿಗ್ನಲ್ ಕುಗ್ಗತೊಡಗುವುದು 1,90,000 ಹರ್ಟ್ಜ್ ಆಸುಪಾಸಿನಲ್ಲಿ. ಸಿನಿಮಾದ ಆಳದ ಬೇಸಿಗೆಂದೇ ಇರುವ ಎಲ್‌ಎಫ್‌ಇ ಚಾನೆಲ್ಲಿನ ಮೇಲ್ಮಿತಿಯೇ 120 ಹರ್ಟ್ಜ್. ಇನ್ನೇನು ಬೇಕು?

ಉಳಿದ ಕಾಲು ಪಾಲು ಎಲ್ಲಿ ತಪ್ಪುತ್ತದೆ ಅಂದರೆ, ಹೊರಗಿನ ಜಾಲರಿಯಲ್ಲಿ. ಸಬ್‌ವೂಫರಿನ ಆರ್‌ಸಿಎ ಸಂಪರ್ಕದಲ್ಲಿ (ನಡುವೆ ಪಿನ್, ಸುತ್ತ ಉಂಗುರ ಇರುವ ಪ್ಲಗ್) ಆ ಜಾಲರಿ ಬರೀ ಕವಚವಲ್ಲ, ಸಿಗ್ನಲ್ ಮರಳಿ ಬರುವ ದಾರಿಯೂ ಅದೇ. ಮನೆಯ ಎರಡು ಪ್ಲಗ್‌ಗಳ ಅರ್ಥಿಂಗ್ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಇದ್ದೇ ಇರುತ್ತದೆ. ಅದರಿಂದ ಜಾಲರಿಯಲ್ಲಿ ಹರಿಯುವ ಕರೆಂಟು, ಜಾಲರಿಯ ರೆಸಿಸ್ಟೆನ್ಸ್ ಹೆಚ್ಚಿದ್ದಷ್ಟೂ ‘ಗುಂಯ್’ ಎಂದು ಕೇಳುತ್ತದೆ. ಅಗ್ಗದ ಡಿಟಿಎಚ್ ವೈರಿನಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ವಿರಳವಾದ ಅಲ್ಯೂಮಿನಿಯಂ ಹೆಣಿಗೆ, ನಡುವೆ ತಾಮ್ರ ಲೇಪಿಸಿದ ಉಕ್ಕಿನ ತಂತಿ ಇರುತ್ತದೆ. ಡಿಶ್ಶಿನ ಸಿಗ್ನಲ್ ಅತಿ ಹೆಚ್ಚಿನ ಕಂಪನಾಂಕದ್ದು, ತಂತಿಯ ಮೈಮೇಲಷ್ಟೇ ಹರಿಯುತ್ತದೆ. ಅಲ್ಲಿ ಉಕ್ಕಾದರೂ ನಡೆಯುತ್ತದೆ. 50 ಹರ್ಟ್ಜಿನ ಗುಂಗನ್ನು ಆ ಹಾಳೆ ತಡೆಯುವುದಿಲ್ಲ. ‘ಕ್ವಾಡ್ ಶೀಲ್ಡ್’ ಎಂದು ನಾಲ್ಕು ಪದರ ಹೇಳಿ ಮಾರಿದರೂ ಅಷ್ಟೇ.

ಅಂಗಡಿಯಲ್ಲಿ ಕೇಳಬೇಕಾದ್ದು ಇದು: ಆರ್‌ಜಿ-6 ಅಥವಾ ಆರ್‌ಜಿ-59, ಒಳತಂತಿ ಪೂರ್ತಿ ತಾಮ್ರ, ಹೆಣಿಗೆ ತಾಮ್ರದ್ದು, 95 ಶೇಕಡ ಮೈ ಮುಚ್ಚುವಂಥದ್ದು. ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಒಳತಂತಿ ಅದಕ್ಕೆ ಅಂಟಿಕೊಂಡರೆ ಉಕ್ಕು. ಮನೆಗೆ ತಂದ ಮೇಲೆ ಮಲ್ಟಿಮೀಟರಿನಲ್ಲೂ ಗೊತ್ತಾಗುತ್ತದೆ: 15 ಮೀಟರ್ ಆರ್‌ಜಿ-6ರ ಒಳತಂತಿ ತಾಮ್ರದ್ದಾದರೆ ಸುಮಾರು 0.3 ಓಮ್, ಉಕ್ಕಿನದಾದರೆ ಒಂದೂವರೆ ಓಮ್ ಹತ್ತಿರ. ಸಿಸಿಟಿವಿಯ ‘3+1’ ವೈರನ್ನು ಮಾತ್ರ ಕೊಟ್ಟರೂ ತರಬೇಡಿ, ಅದರೊಳಗಿನ ಕೋಆಕ್ಸ್ ಕಡ್ಡಿಯಷ್ಟು ಸಣ್ಣದು.

ಪ್ರಶ್ನೆ: ಪೈಪು ಯಾವ ಸೈಜಿನದು ಹಾಕಿಸಬೇಕು? ಲೈಟಿನ ವೈರಿನ ಪೈಪಿನಲ್ಲೇ ಎಳೆದುಬಿಡಬಹುದೇ? ಮೇಸ್ತ್ರಿ ಮುಂದಿನ ವಾರ ಗಿಲಾವು ಶುರುಮಾಡುತ್ತಾರೆ.
— ಓದುಗರು, ಮೈಸೂರು

ಉತ್ತರ: ಲೈಟಿನ ಪೈಪಿನಲ್ಲಿ ಖಂಡಿತ ಬೇಡ. ಗುಂಗು ಒಂದು ಕಾರಣ. ಅದಕ್ಕಿಂತ ದೊಡ್ಡದು, 230 ವೋಲ್ಟಿನ ವೈರಿನ ಕವಚ ಎಲ್ಲಾದರೂ ಸವೆದರೆ ಆ ವೋಲ್ಟೇಜು ನೇರ ರಿಸೀವರಿಗೆ, ಅಲ್ಲಿಂದ ನಿಮ್ಮ ಕೈಗೆ.

ಕೇಬಲಿಗಿಂತ ಪೈಪಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಿ. ಕೇಬಲ್ ತಪ್ಪಾದರೆ ಎಳೆದು ಬದಲಿಸಬಹುದು. ಪೈಪಿಲ್ಲದೆ ಗಾರೆಯಲ್ಲಿ ಹೂತ ಕೇಬಲಿಗೆ ಮೊಳೆ ಬಿದ್ದರೆ ಗೋಡೆಯನ್ನೇ ಒಡೆಯಬೇಕು. 25 ಮಿ.ಮೀ. ಪಿವಿಸಿ ಪೈಪು ಸಾಕು, ತೆಳುವಾದದ್ದು ಬೇಡ. ಮೂಲೆಗಳಲ್ಲಿ ಎಲ್ಬೋ ಹಾಕುವುದೇ ನಮ್ಮಲ್ಲಿ ರೂಢಿ. ಅದನ್ನು ತಡೆಯಿರಿ, ಉದ್ದ ಬೆಂಡು ಹಾಕಿಸಿ. ಆರ್‌ಜಿ-6 ಸುಮಾರು 7 ಮಿ.ಮೀ. ದಪ್ಪ, 70 ಮಿ.ಮೀ.ಗಿಂತ ಕಡಿಮೆ ತ್ರಿಜ್ಯದಲ್ಲಿ ಬಗ್ಗಿಸಿದರೆ ಒಳತಂತಿಯ ಸುತ್ತಲಿನ ನೊರೆಯಂಥ ಪ್ಲಾಸ್ಟಿಕ್ ಚಪ್ಪಟೆಯಾಗುತ್ತದೆ. ಎರಡು ಬೆಂಡು ದಾಟಿದ ಮೇಲೆ ನಡುವೆ ಒಂದು ಬಾಕ್ಸ್ ಇಡಿಸಿ, ಇಲ್ಲದಿದ್ದರೆ ಎಳೆಯುವಾಗ ಕೇಬಲ್ ಸಿಕ್ಕಿಕೊಳ್ಳುತ್ತದೆ. ಪೈಪಿನೊಳಗೆ ನೈಲಾನ್ ಹಗ್ಗ ಬಿಟ್ಟು ಎರಡೂ ತುದಿಗೆ ಬಟ್ಟೆ ತುರುಕಿ; ಸಿಮೆಂಟ್ ಹಾಲು ಒಳಗಿಳಿದು ಗಟ್ಟಿಯಾದ ಪೈಪು ಇದ್ದೂ ಇಲ್ಲದಂತೆ.

ಕರೆಂಟಿನ ಪೈಪಿನ ಪಕ್ಕದಲ್ಲೇ ಸಾಗಬೇಕಾದರೆ ನಡುವೆ 300 ಮಿ.ಮೀ. ಅಂತರವಿರಲಿ. ಅಡ್ಡ ದಾಟುವುದಾದರೆ ನೇರ ಕೋನದಲ್ಲಿ ದಾಟಲಿ.

ಒಂದೇ ಜಾಗಕ್ಕೆ ಪೈಪು ಹಾಕಿಸಿ ಸುಮ್ಮನಾಗಬೇಡಿ. ಬೇಸ್ ಎಲ್ಲಿ ಚೆನ್ನಾಗಿ ಕೇಳುತ್ತದೆ ಎಂಬುದು ಸೋಫಾ, ಪರದೆ ಎಲ್ಲ ಬಂದ ಮೇಲಷ್ಟೇ ತಿಳಿಯುತ್ತದೆ. ಮುಂದಿನ ಗೋಡೆಯ ಎಡಕ್ಕೊಂದು, ಬಲಕ್ಕೊಂದು, ಹಿಂದಿನ ಗೋಡೆಯ ನಡುವೆ ಒಂದು, ಹೀಗೆ ಮೂರು ಪಾಯಿಂಟ್ ಇರಲಿ. ಪ್ರತಿಯೊಂದರ ಪಕ್ಕದಲ್ಲೂ ಬೇರೆ ಬಾಕ್ಸಿನಲ್ಲಿ ಅರ್ಥಿಂಗ್ ಇರುವ ಸಾಕೆಟ್ ಬೇಕು. ಇದನ್ನು ಮರೆಯುವವರೇ ಹೆಚ್ಚು. ಆಮೇಲೆ ಎಕ್ಸ್‌ಟೆನ್ಷನ್ ಬಾಕ್ಸ್ ಕೋಣೆ ತುಂಬ ಹರಿದಾಡುತ್ತದೆ. ಈ ಸಾಕೆಟ್‌ಗಳೂ ರಿಸೀವರಿನ ಸಾಕೆಟ್ಟೂ ಒಂದೇ ಎಂಸಿಬಿಯಿಂದ ಬರಲಿ. ಮೂರು ಫೇಸಿನ ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಲೇಬೇಕು.

ಆರ್‌ಸಿಎ ಪ್ಲಗ್ ಅಂಟಿಸಿದ ರೆಡಿ ಕೇಬಲ್ ಎಳೆಯಬೇಡಿ, ತಲೆ ಬೆಂಡಿನಲ್ಲಿ ಸಿಕ್ಕುತ್ತದೆ. ಬರಿಯ ಕೇಬಲ್ ಎಳೆದು ತುದಿಯಲ್ಲಿ 12 ಮಿ.ಮೀ. ಹೊರಕವಚ ತೆಗೆಯಿರಿ. ಹೆಣಿಗೆಯನ್ನು ಹಿಂದಕ್ಕೆ ಮಡಚಿ, ಕೊನೆಯ 6 ಮಿ.ಮೀ.ನಲ್ಲಿ ತಾಮ್ರ ಕಾಣುವಂತೆ ಮಾಡಿ. ಡಿಶ್ ವೈರಿನ ತುದಿಗೆ ಹಾಕುವಂಥ ಕಂಪ್ರೆಷನ್ ಎಫ್ ಕನೆಕ್ಟರ್ ಒತ್ತಿಸಿ, ಅದಕ್ಕೆ ಎಫ್‌ನಿಂದ ಆರ್‌ಸಿಎ ಅಡಾಪ್ಟರ್ ಹಾಕಿ ಗೋಡೆಯ ಪ್ಲೇಟಿನಲ್ಲೇ ಮುಗಿಸಿ. ಅಲ್ಲಿಂದ ಸಬ್‌ವೂಫರಿಗೆ ಒಂದು ಮೀಟರಿನ ಮೆದು ಕೇಬಲ್. ಬಿರುಸಾದ ಆರ್‌ಜಿ-6 ಅನ್ನು ನೇರ ಸಬ್‌ವೂಫರಿಗೆ ಚುಚ್ಚಿದರೆ ಅದರ ಭಾರಕ್ಕೆ ಸಾಕೆಟ್ ಸಡಿಲವಾಗುತ್ತದೆ.

ಪ್ರಶ್ನೆ: ಸಬ್‌ವೂಫರ್ ಆನ್ ಮಾಡಿದರೆ ಸಾಕು, ಸಿನಿಮಾ ಇಲ್ಲದಿದ್ದರೂ ಗುಂಯ್‌ಗುಡುತ್ತದೆ. ಕೇಬಲ್ ಈಗಾಗಲೇ ಗೋಡೆಯೊಳಗಿದೆ. ಅರ್ಥ್ ಪಿನ್ ಕಿತ್ತರೆ ನಿಲ್ಲುತ್ತದೆ ಎಂದು ಒಬ್ಬರು ಹೇಳಿದರು.
— ಓದುಗರು, ಉಡುಪಿ

ಉತ್ತರ: ಸದ್ದು ನಿಲ್ಲಬಹುದು, ಆದರೆ ಒಳಗೆ ಸೋರಿಕೆಯಾದ ದಿನ ಶಾಕ್ ಹೊಡೆಯುವುದು ನಿಮಗೆ. ಅರ್ಥ್ ಪಿನ್ ಮುಟ್ಟಬೇಡಿ.

ಮೊದಲು ಸಬ್‌ವೂಫರಿನಿಂದ ಆರ್‌ಸಿಎ ಕಿತ್ತು ನೋಡಿ. ಆಗಲೂ ಗುಂಗಿದ್ದರೆ ದೋಷ ಸಬ್‌ವೂಫರಿನದೇ. ಇಲ್ಲವಾದರೆ ಕೇಬಲನ್ನು ಸಬ್‌ವೂಫರಿಗೆ ಮತ್ತೆ ಚುಚ್ಚಿ, ರಿಸೀವರ್ ಕಡೆಯ ತುದಿಯನ್ನು ಬಿಚ್ಚಿ. ಆ ತುದಿ ಹಾಗೇ ನೇತಾಡುತ್ತಿದ್ದರೆ ಆಂಟೆನಾದಂತೆ ಗುಂಗು ಹಿಡಿಯುತ್ತದೆ, ದಾರಿ ತಪ್ಪಿಸುತ್ತದೆ. ಒಳಪಿನ್ನನ್ನೂ ಹೊರ ಉಂಗುರವನ್ನೂ ಸಣ್ಣ ತಂತಿಯಿಂದ ಶಾರ್ಟ್ ಮಾಡಿ ಕೇಳಿ (ವಾಲ್ಯೂಮ್ ಇಳಿಸಿಟ್ಟಿರಿ). ಹಾಗೂ ಸದ್ದು ಬಂದರೆ ಜಾಲರಿ ಎಲ್ಲೋ ಕಡಿದಿದೆ, ಇಲ್ಲವೇ ಕೇಬಲ್ ಕರೆಂಟಿನ ವೈರನ್ನು ತಬ್ಬಿಕೊಂಡು ಸಾಗಿದೆ. ನಿಶ್ಶಬ್ದವಾದರೆ ಕೇಬಲ್ ಸರಿ, ಇದು ಅರ್ಥಿಂಗ್ ಸುತ್ತು, ಅಂದರೆ ಅರ್ಥಿಂಗ್ ವ್ಯತ್ಯಾಸದ ಕರೆಂಟು ಜಾಲರಿಯಲ್ಲಿ ಸುತ್ತುತ್ತಿದೆ.

ರಿಸೀವರಿಗೆ ಮತ್ತೆ ಜೋಡಿಸಿ ಒಂದೊಂದಾಗಿ ಬಿಚ್ಚುತ್ತ ಹೋಗಿ: ಮೊದಲು ಸೆಟ್‌ಟಾಪ್ ಬಾಕ್ಸಿನ ಡಿಶ್ ವೈರು, ಆಮೇಲೆ ಕಂಪ್ಯೂಟರ್, ಪ್ರೊಜೆಕ್ಟರ್. ಸಾಮಾನ್ಯವಾಗಿ ಕಳ್ಳ ಡಿಶ್ ವೈರೇ. ಕೇಬಲ್ ಟಿವಿಯಾದರೆ ಟಿವಿ ಸಿಗ್ನಲ್ ಬಿಟ್ಟು ಅರ್ಥಿನ ಕರೆಂಟನ್ನು ತಡೆಯುವ ಗ್ಯಾಲ್ವನಿಕ್ ಐಸೊಲೇಟರ್ ಹಾಕಿದರೆ ಮುಗಿಯಿತು. ಡಿಟಿಎಚ್‌ಗೆ ಮಾಮೂಲಿ ಐಸೊಲೇಟರ್ ಹಾಕಿದರೆ ಟಿವಿಯೇ ಬಾರದು, ಏಕೆಂದರೆ ಡಿಶ್ಶಿನ ಮುಂದಿರುವ, ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ಕರೆಂಟು ಹೋಗುವುದು ಅದೇ ವೈರಿನಲ್ಲಿ. ಅಲ್ಲಿ ಡಿಶ್ಶಿನ ಕಂಬದ ಅರ್ಥನ್ನು ಮನೆಯ ಅರ್ಥಿಂಗ್‌ಗೇ ಸೇರಿಸಬೇಕು. ಸಬ್‌ವೂಫರಿಗೆ ರಿಸೀವರಿನ ಸಾಕೆಟ್ಟಿನಿಂದಲೇ ಎಕ್ಸ್‌ಟೆನ್ಷನ್ ಕೊಟ್ಟಾಗ ಸದ್ದು ನಿಂತರೆ ಅದನ್ನೇ ಪಕ್ಕಾ ಮಾಡಿಸಿ. ಕೊನೆಯ ಉಪಾಯ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್. ಕಾರ್ ಸ್ಟೀರಿಯೊ ಅಂಗಡಿಯ ಅಗ್ಗದ್ದು ಗುಂಗಿನ ಜತೆ ಆಳದ ಬೇಸನ್ನೂ ನುಂಗುತ್ತದೆ. 20 ಹರ್ಟ್ಜ್‌ವರೆಗೂ ಚಪ್ಪಟೆ (ಬೇಸ್ ಕುಗ್ಗುವುದಿಲ್ಲ) ಎಂದು ಬರೆದಿರುವುದನ್ನೇ ಕೊಳ್ಳಿ.

ಕರಾವಳಿಯಲ್ಲಿದ್ದೀರಿ, ಉಪ್ಪುಗಾಳಿಗೆ ಆರ್‌ಸಿಎ ಮೈ ಕಪ್ಪಾಗಿದೆಯೇ ಎಂದೂ ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ನಾಲ್ಕು ಸಲ ತಿರುಗಿಸಿದರೆ ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಪ್ರಶ್ನೆ: ನಮ್ಮದು ಗೋಡೆಯೊಳಗೇ ಕೂರಿಸುವ 4 ಓಮಿನ ಪ್ಯಾಸಿವ್ ಸಬ್‌ವೂಫರ್, ಆಂಪ್ಲಿಫೈಯರ್ ಬೇರೆ. ಇದಕ್ಕೂ ಆರ್‌ಜಿ-6 ಆದೀತೇ?
— ಓದುಗರು, ಹುಬ್ಬಳ್ಳಿ

ಉತ್ತರ: ಆಗದು. ಇಲ್ಲಿ ಹರಿಯುವುದು ನಿಜವಾದ ಶಕ್ತಿ, ಹಾಗಾಗಿ ತಾಮ್ರದ ದಪ್ಪವೇ ಮುಖ್ಯ. ಹೋಗಿಬರುವ ಎರಡೂ ತಂತಿ ಸೇರಿ ರೆಸಿಸ್ಟೆನ್ಸ್ ಸ್ಪೀಕರಿನ 5 ಶೇಕಡ ಮೀರದಿರಲಿ. 4 ಓಮಿಗೆ 0.2 ಓಮ್. 10 ಮೀಟರ್ ದೂರಕ್ಕೆ 1.5 ಚ.ಮಿ.ಮೀ. ತಂತಿ 0.23 ಓಮ್ ಕೊಡುತ್ತದೆ, ಸಾಲದು. 2.5ರಲ್ಲಿ 0.14, ಸರಿಹೋಯಿತು. 15 ಮೀಟರಾದರೆ 4 ಚ.ಮಿ.ಮೀ. ಹಾಕಿ. ತಾಮ್ರ ಲೇಪದ ಅಲ್ಯೂಮಿನಿಯಂ ತಂತಿಯ ರೆಸಿಸ್ಟೆನ್ಸ್ ಸುಮಾರು ಒಂದೂವರೆ ಪಟ್ಟು. ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡರೆ ಅನುಮಾನಿಸಿ. ತುಂಬ ಹಗುರವೂ ಇದ್ದರೆ ಅದೇ. ಮನೆ ವೈರಿಂಗಿನ 2.5 ತಾಮ್ರದ ವೈರು ಮಿಕ್ಕಿದ್ದರೆ ಅದೂ ಸ್ಪೀಕರಿಗೆ ಚೆನ್ನಾಗಿಯೇ ನಡೆಯುತ್ತದೆ. ಆದರೆ ಎರಡೂ ತುದಿಗೆ ದಪ್ಪಕ್ಷರದಲ್ಲಿ ‘ಸ್ಪೀಕರ್’ ಎಂದು ಪಟ್ಟಿ ಸುತ್ತಿಡಿ. ನಾಳೆ ಬರುವ ಎಲೆಕ್ಟ್ರಿಷಿಯನ್ ಅದಕ್ಕೆ ಫೇಸ್ ಕೊಟ್ಟಾನು.

ಪ್ರಶ್ನೆ: ಇಲ್ಲಿ ಮರದ ಚೌಕಟ್ಟಿನ ಗೋಡೆ. ‘ಸಿಎಲ್2’ ಎಂದು ಬರೆದ ಕೇಬಲ್ಲೇ ಬೇಕೇ? ಸಬ್‌ವೂಫರಿನ ಪವರ್ ಕಾರ್ಡನ್ನೂ ಒಳಗೇ ಬಿಡಬಹುದೇ?
— ಓದುಗರು, ಡಲ್ಲಾಸ್, ಅಮೆರಿಕ

ಉತ್ತರ: ಬೇಕು. ನಮ್ಮ ಊರಿನ ಹಾಗೆ ಅಲ್ಲಿ ಇಟ್ಟಿಗೆ, ಗಾರೆ, ಪೈಪು ಇಲ್ಲ. ಕೇಬಲ್ ಟೊಳ್ಳಿನಲ್ಲಿ ಮರದ ಪಕ್ಕ ಬರಿಮೈಯಲ್ಲಿರುತ್ತದೆ, ಬೆಂಕಿ ಅದರ ಮೈ ಹಿಡಿದು ಹಬ್ಬಬಾರದು. ಕವಚದ ಮೇಲೆ ಸಿಎಲ್2 ಅಥವಾ ಸಿಎಲ್3 ಮುದ್ರೆ ಇದ್ದರೆ ಸರಿ. ಮೊದಲನೆಯದು 150 ವೋಲ್ಟಿನದು, ಎರಡನೆಯದು 300. ಸಬ್‌ವೂಫರ್ ಸಿಗ್ನಲ್ಲಿಗೆ ಎರಡೂ ಒಂದೇ. ಮರದ ಕಂಬದ ಅಂಚಿನಿಂದ ಒಂದೂಕಾಲು ಇಂಚು ಒಳಗೆ ತೂತು ಬರಲಿ, ಇಲ್ಲದಿದ್ದರೆ ಉಕ್ಕಿನ ತಗಡು ಹೊಡೆಯಿರಿ. ಪವರ್ ಕಾರ್ಡ್ ಗೋಡೆಯೊಳಗೆ ಬಿಡುವುದು ಅಲ್ಲಿನ ಎಲೆಕ್ಟ್ರಿಕಲ್ ಕೋಡ್‌ಗೆ ವಿರುದ್ಧ, ಬೇರೆ ಔಟ್‌ಲೆಟ್ ಹಾಕಿಸಿ.

ಪ್ರಶ್ನೆ: ವೈರ್‌ಲೆಸ್ ಕಿಟ್ ಹಾಕಿದರೆ ಗೋಡೆ ಕೊರೆಯುವ ಗೋಳೇ ಇಲ್ಲವಲ್ಲ?
— ಓದುಗರು, ಶಿವಮೊಗ್ಗ

ಉತ್ತರ: ಕಟ್ಟಿ ಮುಗಿದ ಮನೆಗೆ ಒಳ್ಳೆಯದೇ. ಆದರೆ ಕರೆಂಟಿನ ಪ್ಲಗ್ ಹೇಗೂ ಬೇಕು, ಮತ್ತು 2.4 ಗಿಗಾಹರ್ಟ್ಜ್ ಕಿಟ್ ವೈಫೈ ರೂಟರಿನ ಪಕ್ಕದಲ್ಲಿದ್ದರೆ ಸಿಗ್ನಲ್ ಕಡಿದು ಕಡಿದು ಬರಬಹುದು. ಸಿಗ್ನಲ್ ಕೆಲವು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ರಿಸೀವರಿನ ಸೆಟಪ್ಪಿನಲ್ಲಿ ಸಬ್‌ವೂಫರಿನ ದೂರವನ್ನು, ಪ್ರತಿ ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಲೆಕ್ಕದಲ್ಲಿ, ಹೆಚ್ಚಿಸಿಕೊಳ್ಳಿ.