ಗ್ರಾಂ ಕಡಿಮೆ ಇದ್ದದ್ದೇ ಲಿಮಿಟಿಂಗ್ ರೀಏಜೆಂಟ್ ಅಲ್ಲವೇ?

28 ಗ್ರಾಂ ನೈಟ್ರೋಜನ್, 10 ಗ್ರಾಂ ಹೈಡ್ರೋಜನ್ ಕೊಟ್ಟಿದ್ದರು, ಹೈಡ್ರೋಜನ್ ಕಡಿಮೆ ಇದೆಯಲ್ಲ ಎಂದು ಲಿಮಿಟಿಂಗ್ ರೀಏಜೆಂಟ್ (ಮೊದಲು ಮುಗಿದು ಕ್ರಿಯೆಯನ್ನು ನಿಲ್ಲಿಸುವ ವಸ್ತು) ಅದೇ ಅಂತ ಬರೆದೆ, ಸೊನ್ನೆ ಬಂತು, ಯಾಕೆ ಅಂತ ಕೇಳಿದ್ದೀರಿ. ಬ್ಯಾಸರ ಮಾಡ್ಕೋಬ್ಯಾಡ್ರಿ. ಬಾಗಲಕೋಟೆಯಲ್ಲಿ ಪಿಯುಸಿ ಓದುವಾಗ ಇದೇ ಸೊನ್ನೆ ನನಗೂ ಬಿದ್ದಿತ್ತು. ಈಗ ಮುಧೋಳ ಕಡೆ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ.

ತಾಂಬೂಲಕ್ಕೆ 2 ಎಲೆ, 1 ಅಡಿಕೆ ಅಂತಿಟ್ಟುಕೊಳ್ಳಿ. 100 ಎಲೆ, 60 ಅಡಿಕೆ ತಂದರೆ 50 ಮಂದಿಗೆ ಕೊಡುವಷ್ಟರಲ್ಲಿ ಎಲೆ ಖಾಲಿ. ಜಾಸ್ತಿ ತಂದದ್ದೇ ಮೊದಲು ಮುಗಿಯಿತು! ತಾಂಬೂಲ ಎಷ್ಟಾಗುತ್ತದೆ ಎಂದು ತಿಳಿಯಲು ಎಲೆಯನ್ನು ಯಾರೂ ತೂಗುವುದಿಲ್ಲ, ಎಣಿಸುತ್ತಾರೆ. ಅಣುಗಳನ್ನು ಬೆರಳಲ್ಲಿ ಎಣಿಸಲಾಗದು, ಅದಕ್ಕೇ ಗ್ರಾಮನ್ನು ಮೋಲಿಗೆ, ಅಂದರೆ ಅಣುಗಳ ಒಂದು ನಿಗದಿತ ಎಣಿಕೆಗೆ, ತಿರುಗಿಸುವುದು.

ನಿಮ್ಮ ಲೆಕ್ಕಕ್ಕೆ ಬರೋಣ. 28 ಗ್ರಾಂ ನೈಟ್ರೋಜನ್ ಅಂದರೆ 1 ಮೋಲ್. ಹೈಡ್ರೋಜನ್ ಒಂದು ಮೋಲಿಗೆ 2 ಗ್ರಾಂ, ಹಾಗಾಗಿ 10 ಗ್ರಾಂ ಅಂದರೆ 5 ಮೋಲ್. ಅಮೋನಿಯಾ ಆಗಲು 1 ನೈಟ್ರೋಜನ್ನಿಗೆ 3 ಹೈಡ್ರೋಜನ್ ಸಾಕು. ನೈಟ್ರೋಜನ್ ಮುಗಿಯಿತು, 2 ಮೋಲ್ ಹೈಡ್ರೋಜನ್, ಅಂದರೆ 4 ಗ್ರಾಂ, ಹಾಗೇ ಉಳಿಯಿತು. ಅಮೋನಿಯಾ 34 ಗ್ರಾಂ. 34ಕ್ಕೆ 4 ಕೂಡಿಸಿದರೆ ನೀವು ಹಾಕಿದ 38 ಬಂತಲ್ಲ, ಲೆಕ್ಕ ಸರಿ.

ಮೋಲ್ ಕಡಿಮೆ ಇದ್ದದ್ದೇ ಲಿಮಿಟಿಂಗ್ ಅಂತ ಈಗ ಬಾಯಿಪಾಠ ಮಾಡಿಬಿಟ್ಟೀರಿ, ಹುಷಾರು. 2 ಮೋಲ್ ನೈಟ್ರೋಜನ್, 4 ಮೋಲ್ ಹೈಡ್ರೋಜನ್ ಕೊಟ್ಟರೆ? ಸಮೀಕರಣದಲ್ಲಿ ಆಯಾ ವಸ್ತುವಿನ ಎಡಕ್ಕಿರುವ ಅಂಕಿಯಿಂದ ಭಾಗಿಸಿ: 2ನ್ನು 1ರಿಂದ, 4ನ್ನು 3ರಿಂದ. 2 ಮತ್ತು 1.33. ಚಿಕ್ಕ ಅಂಕಿ ಬಂದದ್ದೇ ಲಿಮಿಟಿಂಗ್, ಹಾಗಾಗಿ ಇಲ್ಲಿ ಮೊದಲು ಮುಗಿಯುವುದು ಹೈಡ್ರೋಜನ್. ಸಮೀಕರಣವನ್ನೇ ಸರಿದೂಗಿಸದೆ ಹೊರಟರೆ ಇದೆಲ್ಲ ದಂಡ.

ನಮ್ಮ ಕಾರ್ಖಾನೆಯಲ್ಲಿ ತಮಾಷೆಯೇ ಬೇರೆ. ಕಬ್ಬಿನ ರಸ ತಿಳಿಮಾಡಲು ಸುಣ್ಣದ ಹಾಲು ಬಿಟ್ಟು, ಗಂಧಕ ಸುಟ್ಟ ಹೊಗೆ, ಅಂದರೆ ಸಲ್ಫರ್ ಡೈಆಕ್ಸೈಡ್, ಹಾಯಿಸುತ್ತೇವೆ. 74 ಕಿಲೋ ಅರಳಿದ ಸುಣ್ಣಕ್ಕೆ 64 ಕಿಲೋ ಸಲ್ಫರ್ ಡೈಆಕ್ಸೈಡ್, ಒಂದಕ್ಕೊಂದು ಜೋಡಿ. ಇಲ್ಲಿ ಯಾವುದೂ ಮೊದಲು ಮುಗಿಯಬಾರದು. ಸುಣ್ಣ ಮಿಕ್ಕರೆ ರಸ ಕಪ್ಪಿಡುತ್ತದೆ. ಹೊಗೆ ಮಿಕ್ಕರೆ ರಸ ಹುಳಿಯಾಗಿ ಸಕ್ಕರೆಯೇ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿ ಹೋಗುತ್ತದೆ, ಅದು ಮತ್ತೆ ಹರಳುಗಟ್ಟಿ ಮೂಟೆಗೆ ಬರುವುದಿಲ್ಲ. ಸೀಸನ್ನಿನ ರಾತ್ರಿ ಪಾಳಿಯಲ್ಲಿ ಮೋಲ್ ಹಾಕುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ, ಪಿಎಚ್ 7ರ (ಹುಳಿಯೂ ಅಲ್ಲ, ಕ್ಷಾರವೂ ಅಲ್ಲ) ಆಸುಪಾಸು ನಿಂತಿದೆಯೇ ಎಂದು ನೋಡಿ ವಾಲ್ವ್ ತಿರುಗಿಸುತ್ತೇವೆ.